ಅಮ್ಮನ ಶುಗರ್ ಒಂದು ಕಡೆ 112, ಇನ್ನೊಂದು ಕಡೆ 138. ಯಾವುದನ್ನು ನಂಬುವುದು?

ಪ್ರಶ್ನೆ: ಅಮ್ಮನಿಗೆ 58 ವರ್ಷ. ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು, ದೊಡ್ಡ ಆಸ್ಪತ್ರೆಯ ಲ್ಯಾಬಿಗೆ ಕಳಿಸಿದರು. ಶುಗರ್ 112 ಬಂತು. ಎರಡು ದಿನ ಬಿಟ್ಟು ಖಾಸಗಿ ಲ್ಯಾಬಿನಲ್ಲಿ 138. ಸರ್ಕಾರಿ ಲ್ಯಾಬಿನ ಮೆಷಿನ್ ಸರಿ ಇಲ್ವಾ? ಇದನ್ನು ಸುಧಾರಿಸೋಕೆ ಆಗಲ್ವಾ?
(ಓದುಗರು, ಕೋಲಾರ ಜಿಲ್ಲೆ)

ಉತ್ತರ: ಮೆಷಿನ್ ಮೇಲೆ ಅನುಮಾನ ಪಡುವ ಮೊದಲು ಎರಡು ವಿಷಯ ವಿಚಾರಿಸಿ. ಎಂಟಕ್ಕೆ ತೆಗೆದ ರಕ್ತ ಲ್ಯಾಬ್ ತಲುಪಿದ್ದು ಎಷ್ಟು ಹೊತ್ತಿಗೆ? ಯಾವ ಟ್ಯೂಬಿನಲ್ಲಿ?

ಟ್ಯೂಬಿನೊಳಗೂ ರಕ್ತಕಣಗಳು ಬದುಕಿರುತ್ತವೆ, ಸಕ್ಕರೆ ಬಳಸುತ್ತಲೇ ಇರುತ್ತವೆ. ಸುಮ್ನೆ ಇಟ್ಟ ರಕ್ತದಲ್ಲಿ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಬಿಸಿಲಿದ್ದರೆ ಇನ್ನೂ ಜಾಸ್ತಿ. ಅಂದರೆ 138 ಇದ್ದದ್ದು ಮೂರು ಗಂಟೆಯಲ್ಲಿ 112ರ ಹತ್ತಿರ ಬರಬಹುದು. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯ ಲೆಕ್ಕ. 112 ನೋಡಿದ ಡಾಕ್ಟರು ಊಟದಲ್ಲಿ ಪಥ್ಯ ಹೇಳಿ ಕಳಿಸಬಹುದು. ಕಾಯಿಲೆ ಒಳಗೇ ಬೆಳೆಯುತ್ತದೆ. ನನಗೆ ಸಂಕಟವಾಗುವುದು ಇಲ್ಲೇ.

ಅದಕ್ಕೇ ಶುಗರಿಗೆ ಬೂದು ಮುಚ್ಚಳದ ಟ್ಯೂಬ್ ಇರುವುದು. ಅದರಲ್ಲಿ ಫ್ಲೋರೈಡ್ ಇರುತ್ತದೆ. ಫ್ಲೋರೈಡ್ ಅಂದರೆ ನಮ್ಮ ಜಿಲ್ಲೆಯವರಿಗೆ ಬೋರ್‌ವೆಲ್ ನೀರು, ಹಲ್ಲಿನ ಕಲೆ ನೆನಪಾಗುತ್ತದೆ, ಅಲ್ವಾ? ಟ್ಯೂಬಿನಲ್ಲಿ ಅದೇ ಫ್ಲೋರೈಡ್ ಸಕ್ಕರೆಯನ್ನು ಉಳಿಸುತ್ತದೆ. ಆದರೆ ರಕ್ತ ಹಾಕಿದ ಕೂಡಲೇ ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಅದು ಪೂರ್ತಿ ಕೆಲಸ ಮಾಡಲು ಒಂದೆರಡು ಗಂಟೆ ಬೇಕು, ಹಾಗಾಗಿ ತಂಪಾಗಿ, ಬೇಗ ಕಳಿಸುವುದೂ ಮುಖ್ಯ. ಲ್ಯಾಬಿನ ಹೆಚ್ಚಿನ ತಪ್ಪುಗಳು ಹೀಗೆ ಮೆಷಿನ್ ಮುಟ್ಟುವ ಮೊದಲೇ ಆಗುತ್ತವೆ.

ಹಾಗಂತ ಮೆಷಿನ್ನನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಒಳ್ಳೆಯ ಲ್ಯಾಬಿನಲ್ಲಿ ಬೆಳಿಗ್ಗೆ ರೋಗಿಗಳ ರಕ್ತಕ್ಕಿಂತ ಮೊದಲು 'ಕಂಟ್ರೋಲ್' ಎಂಬ ಪರೀಕ್ಷಾ ದ್ರವವನ್ನು ಮೆಷಿನ್‌ನಲ್ಲಿ ಓಡಿಸುತ್ತಾರೆ. ಅದರಲ್ಲಿ ಶುಗರ್ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುತ್ತದೆ. ಉತ್ತರ ತಪ್ಪಿದರೆ ಆ ದಿನ ರಿಪೋರ್ಟ್ ಕೊಡದೆ ಮೊದಲು ಕಾರಣ ಹುಡುಕಬೇಕು. ಜೊತೆಗೆ ಹೊರಗಿನ ಪರೀಕ್ಷೆಯೂ ಇದೆ. ವೆಲ್ಲೂರಿನ ಸಿಎಂಸಿಯಂಥ ಸಂಸ್ಥೆ ಬೇರೆ ಬೇರೆ ಲ್ಯಾಬ್‌ಗಳಿಗೆ ಒಂದೇ ಸ್ಯಾಂಪಲ್ ಕಳಿಸಿ, ಉತ್ತರ ಹೋಲಿಸಿ ನೋಡುತ್ತದೆ. ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಕಡ್ಡಾಯವಲ್ಲ, ಆದರೆ ಅದಕ್ಕೆ ಕಾಯದೆಯೇ ಈ ಎರಡನ್ನೂ ಶುರುಮಾಡಬಹುದು.

ಕಂಟ್ರೋಲ್ ಖಾಲಿಯಾದರೆ ಟೆಕ್ನಿಷಿಯನ್ ಒಬ್ಬರೇ ಏನು ಮಾಡಿಯಾರು? ಅವರ ಮೇಲೆ ರೇಗಬೇಡಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಬರವಣಿಗೆಯಲ್ಲಿ ಕೇಳಿ: ಬೂದು ಟ್ಯೂಬ್ ಸಾಕಷ್ಟಿದೆಯಾ, ಸ್ಯಾಂಪಲ್ ಒಯ್ಯಲು ಐಸ್ ಪ್ಯಾಕ್ ಇರುವ ಡಬ್ಬಿ ಇದೆಯಾ, ಕಂಟ್ರೋಲ್ ದಿನಾ ಓಡುತ್ತಿದೆಯಾ.

ಅಮ್ಮನ ವಿಷಯಕ್ಕೆ ಬಂದರೆ, ಖಾಸಗಿ ಲ್ಯಾಬಿನ 138 ಕೂಡ ಕೊನೆಯ ಮಾತಲ್ಲ. ರಕ್ತ ಅಲ್ಲೇ ತೆಗೆದು ಅಲ್ಲೇ ನೋಡುವ ಆಸ್ಪತ್ರೆಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ. ಜೊತೆಗೆ ಎಚ್‌ಬಿಎ1ಸಿ ಮಾಡಿಸಿ. ಅದು ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ, ಕೆಲವು ಗಂಟೆ ತಡವಾದರೆ ಬದಲಾಗದು. ಆದರೆ ಅಮ್ಮನಿಗೆ ರಕ್ತಹೀನತೆ ಇದ್ದರೆ ಈ ಲೆಕ್ಕ ತಪ್ಪಬಹುದು, ಡಾಕ್ಟರಿಗೆ ಮೊದಲೇ ತಿಳಿಸಿ. ಎರಡೂ ರಿಪೋರ್ಟನ್ನು ಈ ವಾರವೇ ತೋರಿಸಿಬಿಡಿ.