ಐದು ಸಾವಿರದಲ್ಲಿ ಹೆಡ್‌ಫೋನ್ ಜೊತೆ ಪೋರ್ಟಬಲ್ ಆಂಪ್ ಕೂಡ ಬೇಕಾ?

ಐದು ಸಾವಿರದೊಳಗೆ ಹೆಡ್‌ಫೋನ್, ಸದ್ದು ಜೋರು ಮಾಡುವ ಪುಟ್ಟ ಆಂಪ್ (ಆಂಪ್ಲಿಫೈಯರ್) ಎರಡೂ ಆಗಬೇಕು ಅಂತ ಕೇಳಿದ್ದೀರಿ. ನಾನಾದರೆ ಅಷ್ಟೂ ದುಡ್ಡು ಹೆಡ್‌ಫೋನ್‌ಗೇ ಹಾಕುತ್ತೇನೆ. ಕಿವಿಗೆ ಗೊತ್ತಾಗುವ ವ್ಯತ್ಯಾಸ ಬರುವುದು ಅಲ್ಲಿಂದಲೇ.

ಆಂಪ್ ಬೇಕೋ ಬೇಡವೋ ತಿಳಿಯಲು ಎರಡು ಅಂಕಿ ನೋಡಿ: ಇಂಪಿಡೆನ್ಸ್ (ಹೆಡ್‌ಫೋನ್ ಒಡ್ಡುವ ವಿದ್ಯುತ್ ತಡೆ, ಓಮ್‌ನಲ್ಲಿ), ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ ಕೊಟ್ಟರೆ ಎಷ್ಟು ಜೋರು ಸದ್ದು ಬರುತ್ತದೆ ಅನ್ನುವುದು, ಡೆಸಿಬಲ್‌ನಲ್ಲಿ). ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹೆಡ್‌ಫೋನ್ ನಿಮ್ಮ ಬಜೆಟ್ಟಿನದಲ್ಲ, ಆದರೆ ಉದಾಹರಣೆಗೆ ಚೆನ್ನಾಗಿದೆ. 80 ಓಮ್‌ನದೂ ಇದೆ, 250 ಓಮ್‌ನದೂ ಇದೆ. ಹೆಸರು ಒಂದೇ, ನೋಡಲೂ ಹೆಚ್ಚುಕಮ್ಮಿ ಒಂದೇ. ಆದರೆ 250ರದ್ದು ಅಷ್ಟೇ ಜೋರಾಗಿ ಕೇಳಬೇಕಾದರೆ ಜಾಸ್ತಿ ವೋಲ್ಟೇಜ್ ಬೇಕು. ಫೋನಿಗೆ ಸಿಕ್ಕಿಸಿದರೆ ಸದ್ದು ಸಣ್ಣಗೆ ಬರುತ್ತದೆ. ನೀವು 32 ಓಮ್ ಆಸುಪಾಸಿನದು, ಒಂದು ಮಿಲಿವ್ಯಾಟ್‌ಗೆ 100 ಡೆಸಿಬಲ್‌ಗಿಂತ ಮೇಲಿರುವುದು ಆರಿಸಿ. ಫೋನೇ ಸಾಕು.

ಫೋನಿನಲ್ಲಿ 3.5 ಮಿ.ಮೀ. ಜಾಕ್ ಇಲ್ವಾ? ಯುಎಸ್‌ಬಿ-ಸಿ ಡಾಂಗಲ್ (ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿ ಹೆಡ್‌ಫೋನ್ ಜೋಡಿಸುವ ಪುಟ್ಟ ಅಡಾಪ್ಟರ್) ತಗೊಳ್ಳಿ. ಒಳಗೆ ಡ್ಯಾಕ್ (ಫೋನಿನ ಡಿಜಿಟಲ್ ಸದ್ದನ್ನು ಹೆಡ್‌ಫೋನ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಚಿಪ್) ಇದೆಯಾ ಅಂತ ವಿವರ ಓದಿಯೇ ಕೊಳ್ಳಿ. ಕೆಲವು ಅಗ್ಗದವುಗಳಲ್ಲಿ ಬರೀ ವೈರು ಇರುತ್ತದೆ, ಎಷ್ಟೋ ಫೋನುಗಳಲ್ಲಿ ಅವು ಕೆಲಸವೇ ಮಾಡುವುದಿಲ್ಲ. ಡ್ಯಾಕ್ ಇರುವುದರಲ್ಲಿ ಪುಟ್ಟ ಆಂಪ್ ಕೂಡ ಇರುತ್ತದೆ. ಮುಕ್ಕಾಲು ವಾಲ್ಯೂಮ್‌ಗೇ ಸಾಕಷ್ಟು ಜೋರಾಗಿ ಕೇಳಿಸಿದರೆ ಬೇರೆ ಆಂಪ್ ಸುಮ್ನೆ ಖರ್ಚು. ಬ್ಲೂಟೂತ್‌ನಲ್ಲಿ ಕೇಳುವವರಿಗಂತೂ ಈ ತಲೆನೋವೇ ಇಲ್ಲ, ಆಂಪ್ ಹೆಡ್‌ಫೋನ್ ಒಳಗೇ ಇರುತ್ತದೆ.