ಮೆಷಿನ್ ಬಿಟ್ಟು ಮನುಷ್ಯರ ಹತ್ರ ಮಾತಾಡೋದು ಹೇಗೆ?
ಎರಡು ಸಲ ಇಎಂಐ ಕಟ್ ಆಗಿದೆ, ಬ್ಯಾಂಕಿಗೆ ಫೋನ್ ಮಾಡಿದ್ರೆ ಬರೀ ರೆಕಾರ್ಡಿಂಗೇ ಅಂದಿದ್ದೀರಲ್ಲ. ಮೊದಲು, ನಂಬರ್ ಗೂಗಲ್‌ನಲ್ಲಿ ಹುಡುಕ್ಬೇಡಿ ಸಾರ್, ಅಲ್ಲಿ ಮೋಸಗಾರರ ನಂಬರೂ ಇರುತ್ತೆ. ಕಾರ್ಡಿನ ಹಿಂದಿರೋದಕ್ಕೇ ಮಾಡಿ, ರಿಜಿಸ್ಟರ್ ಆದ ಮೊಬೈಲಿಂದ.

ಬೇಗ ಸಿಗ್ತಾರೆ ಅಂತ ‘ಕಾರ್ಡ್ ಕಳೆದಿದೆ’ ಒತ್ತೋರಿದ್ದಾರೆ. ಬೇಡ, ಇದ್ದ ಕಾರ್ಡೂ ಬ್ಲಾಕ್ ಆದೀತು! ನಾನು 9, ಆಮೇಲೆ 0 ಒತ್ತಿ ನೋಡ್ತೀನಿ. ಆಗದಿದ್ರೆ ಏನೂ ಒತ್ತದೆ ಸುಮ್ಮನಿರ್ತೀನಿ. ಒಮ್ಮೆ ಸಿಲ್ಕ್ ಬೋರ್ಡಲ್ಲಿ ಹಿಡಿದ ಫೋನು ಬೊಮ್ಮನಹಳ್ಳಿ ದಾಟಿದ ಮೇಲೆ ಕನೆಕ್ಟ್ ಆಯ್ತು.

ಸಿಕ್ಕ ಕೂಡಲೇ ದೂರಿನ ನಂಬರ್ ಕೇಳಿ ಬರ್ಕೊಳ್ಳಿ. 30 ದಿನದಲ್ಲಿ ಸರಿಹೋಗದಿದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದ್ರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸೋ ಅಧಿಕಾರಿಗೆ, ದೂರು ಕೊಡಬಹುದು. ಮಾಹಿತಿಗೆ ಆರ್‌ಬಿಐ ನಂಬರ್ 14448. ಅಲ್ಲೂ ಮೊದಲು ಮೆಷಿನ್ನೇ, ಏನ್ಮಾಡೋದು!