ಮಂಗಳೂರಿನಿಂದ ಲ್ಯಾಪ್‌ಲ್ಯಾಂಡ್‌ಗೆ ಸ್ಕೀಯಿಂಗ್ ಮಾಡಲು ಹೋಗಬೇಕು, ಡಿಸೆಂಬರ್ ಸರಿಯಾ?

ಡಿಸೆಂಬರ್ ಬೇಡ ಮಾರಾಯ್ರೆ. ಲ್ಯಾಪ್‌ಲ್ಯಾಂಡಿನಲ್ಲಿ ಸ್ಕೀಯಿಂಗಿಗೆ ಹೋಗುವ ಊರು, ಫಿನ್‌ಲ್ಯಾಂಡಿನ ಲೆವಿ, ಆರ್ಕ್ಟಿಕ್ ವೃತ್ತಕ್ಕಿಂತಲೂ ಉತ್ತರಕ್ಕಿದೆ, ಆ ತಿಂಗಳ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ಇಳಿಜಾರಿಗೆ ದೀಪ ಹಾಕಿರುತ್ತಾರೆ ನಿಜ, ಆದರೆ ಆ ಕತ್ತಲೆ, ಆ ಚಳಿಯಲ್ಲಿ ಮೊದಲ ಸಲ ಸ್ಕೀ ಕಟ್ಟಿಕೊಂಡು ಬಿದ್ದು ಎದ್ದು ಕಲಿಯುವುದು ಯಾರಿಗೆ ಬೇಕು? ಮಾರ್ಚ್ ಕೊನೆಗೆ ಹೋಗಿ. ಹಗಲು 12 ಗಂಟೆ ದಾಟಿರುತ್ತದೆ, ಹಿಮವೂ ಬೇಕಾದಷ್ಟಿರುತ್ತದೆ.

ಬಜ್ಪೆಯಿಂದ ಮುಂಬೈಯೋ ಬೆಂಗಳೂರೋ, ಆಮೇಲೆ ಹೆಲ್ಸಿಂಕಿ, ಮತ್ತೆ ಕಿಟ್ಟಿಲಾ. ಅಲ್ಲಿಂದ ಲೆವಿ ಹತ್ತಿರವೇ. ಫಿನ್‌ಲ್ಯಾಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ 6 ತಿಂಗಳ ಮೊದಲೇ ಅರ್ಜಿ ಹಾಕಬಹುದು. ಅದಕ್ಕೆ ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವ ಪ್ರಯಾಣ ವೈದ್ಯಕೀಯ ವಿಮೆ ಬೇಕು, ಆದರೆ ಪಾಲಿಸಿಯಲ್ಲಿ ಸ್ಕೀಯಿಂಗ್ ಸೇರಿದೆಯಾ ಅಂತ ಓದಿಯೇ ದುಡ್ಡು ಕಟ್ಟಿ. ಸ್ಕೀ, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಸುಮ್ನೆ ಖರೀದಿಸಬೇಡಿ. ಒಳಗೆ ಹತ್ತಿಯ ಬನಿಯನ್ ಮಾತ್ರ ಬೇಡವೇ ಬೇಡ, ಬೆವರಿಗೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಉಣ್ಣೆಯದ್ದೇ ಹಾಕಿ.